ಎರಡು ಮಾನಿಟರ್, ಎರಡು ಸ್ಕೇಲ್: ವಿಂಡೋವನ್ನು ಅದರ ಜಾಗದಲ್ಲೇ ಕೂರಿಸುವ ಸಮಗ್ರ ಮಾರ್ಗದರ್ಶಿ

ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯ ಒಂದು ಅಡಿಕೆ ಅಂಗಡಿ ಎಂದಿಟ್ಟುಕೊಳ್ಳಿ. ಮೇಜಿನ ಮೇಲೆ 1920×1080 ಪಿಕ್ಸೆಲ್‌ಗಳ ಲ್ಯಾಪ್‌ಟಾಪ್ ಇದೆ, ಅದರ ಸ್ಕೇಲ್ (ಅಕ್ಷರ, ಚಿತ್ರಗಳನ್ನು ಎಷ್ಟು ಹಿಗ್ಗಿಸಿ ತೋರಿಸಬೇಕೆಂಬ ಸೆಟ್ಟಿಂಗ್) 150%. ಎಡಗಡೆ, ಅಡಿಕೆ ತಂದವರಿಗೆ ಕಾಣುವ ಹಾಗೆ ತಿರುಗಿಸಿಟ್ಟ ಹಳೆಯ ಮಾನಿಟರ್ ಒಂದಿದೆ. ಅದು 1366×768, ಸ್ಕೇಲ್ 100%. ಬಿಲ್ಲು ಬರೆಯುವುದು ಲ್ಯಾಪ್‌ಟಾಪಿನಲ್ಲಿ. ತೂಕ, ದರ, ಮೊತ್ತ ತೋರಿಸುವ ಚಿಕ್ಕ ವಿಂಡೋ ಇರಬೇಕಾದದ್ದು ಎಡದ ಮಾನಿಟರಿನಲ್ಲಿ. ಹೊಸ ಚಾಲಿಗೆ ಎಷ್ಟು, ಪಟೋರಕ್ಕೆ ಎಷ್ಟು, ಕರಿಗೋಟಿಗೆ ಎಷ್ಟು ಎಂದು, ಅಂದರೆ ಅಡಿಕೆಯ ಯಾವ ದರ್ಜೆಗೆ ಎಷ್ಟು ದರ ಎಂದು, ತಂದವರು ತಮ್ಮ ಕಣ್ಣಲ್ಲೇ ನೋಡಬೇಕು. ಆ ವಿಂಡೋ ಅರ್ಧ ಪರದೆಯ ಆಚೆ ಹೋದರೆ, ಅಥವಾ ಬಿಲ್ಲಿನ ಮೇಲೇ ಬಂದು ಕುಳಿತರೆ, ವ್ಯಾಪಾರದ ನಂಬಿಕೆಗೇ ತೊಂದರೆ. ಈ ಕಡೆಯ ಅಂಗಡಿಗಳಿಗೆ ಬಿಲ್ಲಿಂಗ್ ತಂತ್ರಾಂಶ ಬರೆಯುವವನಾಗಿ ನನಗೆ ಇದು ಸಣ್ಣ ವಿಷಯ ಅಂತ ಯಾವತ್ತೂ ಅನ್ನಿಸಿಲ್ಲ.

ಇಂಥ ದೂರು ಬಂದಾಗ ‘ಸ್ಕೇಲನ್ನು 100ಕ್ಕೆ ಇಳಿಸಿಬಿಡಿ, ಸರಿಯಾಗುತ್ತದೆ’ ಎಂದು ಫೋನಿನಲ್ಲೇ ಹೇಳಿ ಮುಗಿಸುವವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಕಾಸರಗೋಡಿನ ಅಂಗಡಿಗಳಲ್ಲಿ ಒಂದೇ ಪರದೆಯ ಮೇಲೆ ಕನ್ನಡವೂ ಇರುತ್ತದೆ, ಮಲಯಾಳವೂ ಇರುತ್ತದೆ. 9 ಪಾಯಿಂಟಿನ ಅಕ್ಷರಕ್ಕೆ 100% ಸ್ಕೇಲಿನಲ್ಲಿ ಸಿಗುವುದು 12 ಪಿಕ್ಸೆಲ್ ಎತ್ತರ. ಅಷ್ಟರೊಳಗೆ ಒತ್ತಕ್ಷರ, ದೀರ್ಘ, ಗುಣಿತದ ಚಿಹ್ನೆ ಎಲ್ಲ ತುರುಕಿದರೆ ‘ಮುಳ್ಳೇರಿಯ’ ಎಂಬ ಹೆಸರಿನ ಕೆಳಗಿನ ಒತ್ತು ಬರೀ ಚುಕ್ಕೆಯಾಗುತ್ತದೆ. 150%ರಲ್ಲಿ ಅದೇ ಅಕ್ಷರಕ್ಕೆ 18 ಪಿಕ್ಸೆಲ್ ಸಿಗುತ್ತದೆ, ಓದಲು ಬರುತ್ತದೆ. ಅಂಗಡಿಯವರು ಸ್ಕೇಲ್ ಏರಿಸಿಕೊಂಡದ್ದು ಕಣ್ಣಿನ ಅಗತ್ಯಕ್ಕೆ. ಸರಿಹೋಗಬೇಕಾದದ್ದು ನಮ್ಮ ಪ್ರೋಗ್ರಾಮ್.

ಇಲ್ಲಿ ಹೇಳುವುದು ಹೆಚ್ಚಾಗಿ ವಿಂಡೋಸ್ ಬಗ್ಗೆ, ಏಕೆಂದರೆ ಇಲ್ಲಿನ ಅಂಗಡಿಗಳಲ್ಲಿ ನಾನು ಕಾಣುವುದು ಅದನ್ನೇ. ಉಳಿದವುಗಳ ಬಗ್ಗೆ ಕೊನೆಯ ಹೊತ್ತಿಗೆ ಚುಟುಕಾಗಿ ಬರೆದಿದ್ದೇನೆ.

ಸಂಖ್ಯೆಯ ಜೊತೆ ಅದರ ಅಳತೆಯೂ ಬರಬೇಕು

ವಿಂಡೋಸ್‌ನಲ್ಲಿ 100% ಅಂದರೆ 96 ಡಿಪಿಐ (ಇಂಚಿಗೆ ಇಷ್ಟು ಚುಕ್ಕೆ ಎಂಬ ಅಳತೆ). 125%ಕ್ಕೆ 120, 150%ಕ್ಕೆ 144, 175%ಕ್ಕೆ 168, 200%ಕ್ಕೆ 192. ಪರದೆಯ ಒಂದು ಇಂಚಿನಲ್ಲಿ ನಿಜವಾಗಿ ಎಷ್ಟು ಚುಕ್ಕೆಗಳಿವೆ ಎಂಬುದಕ್ಕೂ ಈ ಅಂಕಿಗೂ ನೇರ ಸಂಬಂಧವಿಲ್ಲ. ಇದು ಬಳಕೆದಾರರು ಆರಿಸಿಕೊಂಡ ಸ್ಕೇಲನ್ನು ಹೇಳುವ ಇನ್ನೊಂದು ರೀತಿ, ಅಷ್ಟೆ.

ಹಾಗಾಗಿ ಕೋಡಿನಲ್ಲಿ ‘400’ ಎಂದು ಬರೆದರೆ ಎರಡು ಅರ್ಥ ಸಾಧ್ಯ. ಪರದೆಯ ನಿಜವಾದ 400 ಪಿಕ್ಸೆಲ್ ಇರಬಹುದು, ಅಥವಾ 100% ಸ್ಕೇಲಿನಲ್ಲಿ ಅಳೆದ 400 ಯುನಿಟ್ ಇರಬಹುದು. ನಮ್ಮ ಲ್ಯಾಪ್‌ಟಾಪಿನಲ್ಲಿ 400 ಯುನಿಟ್ ಅಂದರೆ 600 ಪಿಕ್ಸೆಲ್. ಎಡದ ಮಾನಿಟರಿನಲ್ಲಿ 400 ಪಿಕ್ಸೆಲ್ಲೇ. ನನ್ನ ಕೋಡಿನಲ್ಲಿ ಪ್ರತಿ ವೇರಿಯಬಲ್ ಹೆಸರಿನ ಕೊನೆಗೆ ‘ಪಿಎಕ್ಸ್’ ಅಥವಾ ‘ಯುನಿಟ್’ ಎಂಬ ಬಾಲ ಇರಲೇಬೇಕು. ಅಗಲಪಿಎಕ್ಸ್ ಅನ್ನು ಎಡಯುನಿಟ್‌ಗೆ ಕೂಡಿಸಿದ ಸಾಲು ಕಂಡ ಕೂಡಲೇ ತಪ್ಪು ಗೊತ್ತಾಗುತ್ತದೆ. ಈ ಒಂದು ಶಿಸ್ತಿನಿಂದ ತಪ್ಪುವ ತೊಂದರೆಗಳು ಬೇರೆ ಯಾವ ಉಪಾಯದಿಂದಲೂ ತಪ್ಪುವುದಿಲ್ಲ ಎಂಬುದು ನನ್ನ ಅನುಭವ.

ಗಾತ್ರ, ಅಂಚು, ಅಕ್ಷರ ಇವನ್ನು ಯುನಿಟ್‌ನಲ್ಲಿ ಯೋಚಿಸಿ. ಜಾಗವನ್ನು, ಅಂದರೆ ಪರದೆಯ ಮೇಲೆ ಎಲ್ಲಿ ಎಂಬುದನ್ನು, ಪಿಕ್ಸೆಲ್‌ನಲ್ಲೇ ಲೆಕ್ಕ ಹಾಕಿ. ಬೇರೆ ಬೇರೆ ಸ್ಕೇಲಿನ ಎರಡು ಮಾನಿಟರ್‌ಗಳಿಗೆ ಸಮಾನವಾದ ನೆಲ ಪಿಕ್ಸೆಲ್ ಒಂದೇ.

ಮೊದಲ ಕೆಲಸ: ಮ್ಯಾನಿಫೆಸ್ಟ್

ನಿಮ್ಮ ಪ್ರೋಗ್ರಾಮಿಗೆ ಸ್ಕೇಲಿಂಗ್ ಗೊತ್ತು ಎಂದು ವಿಂಡೋಸ್‌ಗೆ ಹೇಳದೆ ಮುಂದಿನ ಯಾವ ಹೆಜ್ಜೆಯೂ ಕೆಲಸ ಮಾಡದು. ಹೇಳುವ ಜಾಗ ಮ್ಯಾನಿಫೆಸ್ಟ್, ಅಂದರೆ ಪ್ರೋಗ್ರಾಮಿನ ವಿವರಗಳನ್ನು ವಿಂಡೋಸ್‌ಗೆ ತಿಳಿಸುವ ಕಡತ. ಹೇಳದಿದ್ದರೆ ವಿಂಡೋಸ್ ನಿಮ್ಮ ಪ್ರೋಗ್ರಾಮಿಗೆ ಎಲ್ಲ ಕಡೆಯೂ 96 ಡಿಪಿಐ ಎಂದೇ ತೋರಿಸುತ್ತದೆ, ವಿಂಡೋವನ್ನು ಚಿತ್ರದ ಹಾಗೆ ಹಿಗ್ಗಿಸಿ ಪರದೆಗೆ ಹಾಕುತ್ತದೆ. ಅಕ್ಷರ ಮಸುಕಾಗುವುದು ಇದರಿಂದಲೇ. ಮಸುಕಿಗಿಂತ ದೊಡ್ಡ ತೊಂದರೆ ಅಂಕಿಗಳದ್ದು. ನಮ್ಮ 1920×1080 ಲ್ಯಾಪ್‌ಟಾಪ್ ಅಂಥ ಪ್ರೋಗ್ರಾಮಿಗೆ 1280×720 ಆಗಿ ಕಾಣುತ್ತದೆ. ಸ್ಕೇಲ್ ತಿಳಿದ ಮುಖ್ಯ ಪ್ರೋಗ್ರಾಮ್ 1296ನೇ ಪಿಕ್ಸೆಲ್ ಎಂದು ಬರೆದಿಟ್ಟದ್ದನ್ನು ಸ್ಕೇಲ್ ತಿಳಿಯದ ಸಹಾಯಕ ಪ್ರೋಗ್ರಾಮ್ ಓದಿದರೆ, ಅದರ ಲೆಕ್ಕದಲ್ಲಿ ಆ ಜಾಗ ಪರದೆಯ ಹೊರಗೆ.

ವಿಂಡೋಸ್ ಇದಕ್ಕೆ ಹಂತಹಂತವಾಗಿ ದಾರಿ ಮಾಡಿಕೊಟ್ಟಿದೆ. 2007ರ ವಿಸ್ಟಾದಲ್ಲಿ ಇಡೀ ಸಿಸ್ಟಮ್‌ಗೆ ಒಂದೇ ಡಿಪಿಐ ಎಂಬ ತಿಳಿವಳಿಕೆ ಬಂತು. 2013ರ 8.1ರಲ್ಲಿ ಪ್ರತಿ ಮಾನಿಟರಿಗೂ ಬೇರೆ ಬೇರೆ ಎಂಬುದು ಬಂತು. 2017ರಲ್ಲಿ ವಿಂಡೋಸ್ 10ರ 1703ನೇ ಆವೃತ್ತಿಯೊಂದಿಗೆ ‘ಪರ್‌ಮಾನಿಟರ್‌ವಿ2’ ಬಂತು. ಇದರಲ್ಲಿ ಶೀರ್ಷಿಕೆ ಪಟ್ಟಿ, ಸ್ಕ್ರೋಲ್‌ಬಾರ್, ಡಯಲಾಗ್‌ಗಳನ್ನು ವಿಂಡೋಸ್ ತಾನೇ ಹಿಗ್ಗಿಸಿ ಕುಗ್ಗಿಸುತ್ತದೆ. ಹೊಸದಾಗಿ ಬರೆಯುವವರು ಬೇರೆ ಯಾವುದನ್ನೂ ಆರಿಸಬೇಕಾಗಿಲ್ಲ.

ಮ್ಯಾನಿಫೆಸ್ಟ್ ಕಡತದ ‘ಡಿಪಿಐಅವೇರ್‌ನೆಸ್’ ಅಂಶದಲ್ಲಿ ‘ಪರ್‌ಮಾನಿಟರ್‌ವಿ2, ಪರ್‌ಮಾನಿಟರ್’ ಎಂದು ಇದೇ ಅನುಕ್ರಮದಲ್ಲಿ ಬರೆಯಿರಿ. ವಿಂಡೋಸ್ ತನಗೆ ಅರ್ಥವಾಗುವ ಮೊದಲನೆಯದನ್ನು ತೆಗೆದುಕೊಳ್ಳುತ್ತದೆ. ಇನ್ನೂ ಹಳೆಯ ವಿಂಡೋಸ್ ಇರುವ ಅಂಗಡಿಗಳಿಗಾಗಿ ‘ಡಿಪಿಐಅವೇರ್’ ಎಂಬ ಹಳೆಯ ಅಂಶದಲ್ಲಿ ‘ಟ್ರೂ/ಪಿಎಂ’ ಎಂದೂ ಸೇರಿಸಿ. ‘ಸೆಟ್‌ಪ್ರೊಸೆಸ್‌ಡಿಪಿಐಅವೇರ್‌ನೆಸ್‌ಕಾಂಟೆಕ್ಸ್ಟ್’ ಎಂಬ ಫಂಕ್ಷನ್ ಕರೆದು ಕೋಡಿನಿಂದಲೂ ಇದನ್ನು ಹೇಳಬಹುದು. ಆದರೆ ಮೊದಲ ವಿಂಡೋ ಹುಟ್ಟುವ ಮುಂಚೆ ಹೇಳಿರಬೇಕು. ಯಾವುದಾದರೂ ಲೈಬ್ರರಿ ಮೊದಲೇ ಒಂದು ಅಡಗಿದ ವಿಂಡೋ ತೆರೆದಿದ್ದರೆ ನಿಮ್ಮ ಮಾತು ನಡೆಯುವುದಿಲ್ಲ. ಮ್ಯಾನಿಫೆಸ್ಟ್ ದಾರಿಯೇ ಭದ್ರ.

ಆಗಿದೆಯೋ ಇಲ್ಲವೋ ನೋಡಲು ಟಾಸ್ಕ್ ಮ್ಯಾನೇಜರಿನ ‘ಡೀಟೇಲ್ಸ್’ ಪುಟಕ್ಕೆ ಹೋಗಿ, ಕಾಲಮ್ಮಿನ ತಲೆಯ ಮೇಲೆ ಬಲ ಕ್ಲಿಕ್ ಮಾಡಿ, ‘ಡಿಪಿಐ ಅವೇರ್‌ನೆಸ್’ ಕಾಲಮ್ ಸೇರಿಸಿ. ನಿಮ್ಮ ಪ್ರೋಗ್ರಾಮಿನ ಎದುರು ‘ಅನ್‌ಅವೇರ್’ ಅಥವಾ ‘ಸಿಸ್ಟಮ್’ ಎಂದು ಕಂಡರೆ ಮುಂದೆ ಹೋಗಬೇಡಿ, ಮೊದಲು ಇದನ್ನೇ ಸರಿಮಾಡಿ.

ಮಾನಿಟರ್ ಯಾವುದು, ಸ್ಕೇಲ್ ಎಷ್ಟು, ಗಾತ್ರ ಎಷ್ಟು, ಜಾಗ ಎಲ್ಲಿ

ಈ ನಾಲ್ಕು ಪ್ರಶ್ನೆಗಳನ್ನು ಇದೇ ಅನುಕ್ರಮದಲ್ಲಿ ಕೇಳಬೇಕು. ಹೆಚ್ಚಿನವರು ಗಾತ್ರದಿಂದ ಶುರು ಮಾಡುತ್ತಾರೆ. ಯಾವ ಮಾನಿಟರ್ ಎಂದು ಗೊತ್ತಾಗದೆ ಗಾತ್ರವನ್ನು ಪಿಕ್ಸೆಲ್‌ನಲ್ಲಿ ಹೇಳುವುದು ಸಾಧ್ಯವೇ ಇಲ್ಲ.

ಮಾನಿಟರನ್ನು ಹುಡುಕಲು ‘ಮಾನಿಟರ್‌ಫ್ರಮ್‌ರೆಕ್ಟ್’, ‘ಮಾನಿಟರ್‌ಫ್ರಮ್‌ಪಾಯಿಂಟ್’, ‘ಮಾನಿಟರ್‌ಫ್ರಮ್‌ವಿಂಡೋ’ ಎಂಬ ಮೂರು ಫಂಕ್ಷನ್‌ಗಳಿವೆ. ಸಿಕ್ಕಿದ ಹ್ಯಾಂಡಲನ್ನು (ವಿಂಡೋಸ್ ಕೊಡುವ ಗುರುತನ್ನು) ‘ಗೆಟ್‌ಮಾನಿಟರ್‌ಇನ್ಫೋ’ಗೆ ಕೊಟ್ಟರೆ ಎರಡು ಆಯತ ಬರುತ್ತವೆ: ಇಡೀ ಪರದೆಯದ್ದು ಆರ್‌ಸಿಮಾನಿಟರ್, ಟಾಸ್ಕ್‌ಬಾರ್ ಬಿಟ್ಟು ಉಳಿದದ್ದು ಆರ್‌ಸಿವರ್ಕ್. ವಿಂಡೋ ಕೂರಿಸಲು ಯಾವತ್ತೂ ಎರಡನೆಯದು. ಸ್ಕೇಲ್ ತಿಳಿಯಲು ‘ಗೆಟ್‌ಡಿಪಿಐಫಾರ್‌ಮಾನಿಟರ್’ ಫಂಕ್ಷನ್ನಿಗೆ ‘ಎಫೆಕ್ಟಿವ್’ ಎಂಬ ಆಯ್ಕೆ ಕೊಟ್ಟು ಕೇಳಿ. ಮ್ಯಾನಿಫೆಸ್ಟ್ ಸರಿ ಇಲ್ಲದಿದ್ದರೆ ಈ ಫಂಕ್ಷನ್ ನಿಜವಾದ ಉತ್ತರ ಕೊಡುವುದಿಲ್ಲ ಎಂಬುದನ್ನು ನೆನಪಿಡಿ.

ಯುನಿಟ್ಟನ್ನು ಪಿಕ್ಸೆಲ್ ಮಾಡಲು ‘ಮಲ್‌ಡಿವ್’ ಬಳಸಿ: ಯುನಿಟ್, ಡಿಪಿಐ, 96. ಇದು ಹತ್ತಿರದ ಪೂರ್ಣಾಂಕಕ್ಕೆ ಹೊಂದಿಸುತ್ತದೆ. ದಶಾಂಶವನ್ನು ಸುಮ್ಮನೆ ಕತ್ತರಿಸಬೇಡಿ. 125%ರಲ್ಲಿ 99 ಪಿಕ್ಸೆಲ್ ಇರುವುದನ್ನು ಕತ್ತರಿಸಿ 79 ಯುನಿಟ್ ಮಾಡಿ ಉಳಿಸಿ, ಮರುದಿನ ತೆರೆದು ಮತ್ತೆ ಪಿಕ್ಸೆಲ್ ಮಾಡಿ ಕತ್ತರಿಸಿದರೆ 98 ಬರುತ್ತದೆ. ಅದರ ಮರುದಿನ 97, ಆಮೇಲೆ 96, ಕೊನೆಗೆ 95ಕ್ಕೆ ಬಂದು ನಿಲ್ಲುತ್ತದೆ. ‘ವಿಂಡೋ ದಿನಾ ಸ್ವಲ್ಪ ಸ್ವಲ್ಪ ಸರಿಯುತ್ತದೆ’ ಎಂದು ಗುಮಾಸ್ತರು ಹೇಳಿದರೆ ಇಲ್ಲಿ ಹುಡುಕಿ.

ಈಗ ಲೆಕ್ಕ ಮಾಡೋಣ. ವಿಂಡೋ 400×300 ಯುನಿಟ್, ಬಲ ಕೆಳಗಿನ ಮೂಲೆಯಲ್ಲಿ, ಅಂಚಿನಿಂದ 16 ಯುನಿಟ್ ದೂರ ಇರಬೇಕು. ಎರಡೂ ಪರದೆಗಳಲ್ಲಿ 48 ಯುನಿಟ್ ಎತ್ತರದ ಟಾಸ್ಕ್‌ಬಾರ್ ಇದೆ ಎಂದಿಟ್ಟುಕೊಳ್ಳಿ.

ಲ್ಯಾಪ್‌ಟಾಪಿನಲ್ಲಿ ಟಾಸ್ಕ್‌ಬಾರ್ 72 ಪಿಕ್ಸೆಲ್. ಹಾಗಾಗಿ ಕೆಲಸದ ಜಾಗ ಬಲಕ್ಕೆ 1920ರವರೆಗೆ, ಕೆಳಗೆ 1008ರವರೆಗೆ. ವಿಂಡೋ 600×450, ಅಂಚು 24. ಎಡ ಮೇಲಿನ ಮೂಲೆ: 1920 − 600 − 24 = 1296; 1008 − 450 − 24 = 534.

ಎಡದ ಮಾನಿಟರಿನಲ್ಲಿ ಲೆಕ್ಕ ಸ್ವಲ್ಪ ಬೇರೆ. ಪ್ರಧಾನ ಮಾನಿಟರಿನ ಎಡ ಮೇಲಿನ ಮೂಲೆಯೇ (0, 0). ಅದರ ಎಡಕ್ಕಿರುವುದೆಲ್ಲ ಋಣ ಸಂಖ್ಯೆ. ಹಾಗಾಗಿ ಆ ಮಾನಿಟರ್ −1366ರಿಂದ 0ಯವರೆಗೆ ಹರಡಿದೆ. ಮೇಲಿನ ಅಂಚು ಲ್ಯಾಪ್‌ಟಾಪಿಗೆ ಸಮವಾಗಿದ್ದರೆ ಕೆಲಸದ ಜಾಗ ಕೆಳಗೆ 720ರವರೆಗೆ. ವಿಂಡೋದ ಮೂಲೆ: 0 − 400 − 16 = −416; 720 − 300 − 16 = 404.

ಈ ಋಣ ಸಂಖ್ಯೆ ಎಷ್ಟೋ ಹಳೆಯ ಕೋಡನ್ನು ಬೀಳಿಸುತ್ತದೆ. ‘ಎಕ್ಸ್ ಸೊನ್ನೆಗಿಂತ ಕಡಿಮೆಯಿದ್ದರೆ ಸೊನ್ನೆ ಮಾಡು’ ಎಂಬ ಸಾಲು ಎಲ್ಲಾದರೂ ಇದ್ದರೆ ತೆಗೆದುಹಾಕಿ. ಅದು ಕೃಷಿಕರಿಗೆ ತೋರಿಸಬೇಕಾದ ವಿಂಡೋವನ್ನು ಎಳೆದು ಬಿಲ್ಲಿನ ಮೇಲೆ ತಂದಿಡುತ್ತದೆ. ಮೌಸ್ ಸಂದೇಶಗಳಿಂದ ಜಾಗ ಓದುವಾಗ ‘ಲೋವರ್ಡ್’ ಬಳಸಿದರೆ −416 ಎಂಬುದು 65120 ಆಗಿ ಬರುತ್ತದೆ. ಚಿಹ್ನೆ ಉಳಿಸಿಕೊಳ್ಳುವ ‘ಗೆಟ್_ಎಕ್ಸ್_ಎಲ್‌ಪ್ಯಾರಮ್’ ಮ್ಯಾಕ್ರೋ ಇರುವುದು ಇದಕ್ಕೇ.

ಇನ್ನೊಂದು ಸೂಕ್ಷ್ಮ. ವಿಂಡೋಸ್ 10 ಮತ್ತು 11ರಲ್ಲಿ ವಿಂಡೋದ ಎಡ, ಬಲ, ಕೆಳಗೆ ಕಣ್ಣಿಗೆ ಕಾಣದ ಚೌಕಟ್ಟು ಇರುತ್ತದೆ, 100%ರಲ್ಲಿ ಸುಮಾರು 7 ಪಿಕ್ಸೆಲ್. ‘ಗೆಟ್‌ವಿಂಡೋರೆಕ್ಟ್’ ಅದನ್ನೂ ಸೇರಿಸಿ ಹೇಳುತ್ತದೆ. ಪರದೆಯ ಅಂಚಿಗೆ ತಾಗಿಸಿ ಕೂರಿಸಿದರೂ ಸಂದು ಕಂಡರೆ ಕಾರಣ ಇದು. ವಿಂಡೋ ಕಾಣಿಸಿದ ಮೇಲೆ ‘ಡಿಡಬ್ಲ್ಯೂಎಂಗೆಟ್‌ವಿಂಡೋಆಟ್ರಿಬ್ಯೂಟ್’ ಮೂಲಕ ‘ಎಕ್ಸ್‌ಟೆಂಡೆಡ್ ಫ್ರೇಮ್ ಬೌಂಡ್ಸ್’ ಕೇಳಿದರೆ ಕಾಣುವ ಅಂಚು ಸಿಗುತ್ತದೆ. ಎರಡರ ವ್ಯತ್ಯಾಸದಷ್ಟು ಸರಿಸಿ. ಒಳಗಿನ ಜಾಗ ಇಂತಿಷ್ಟೇ ಬೇಕು ಎಂದಿದ್ದರೆ ‘ಅಡ್ಜಸ್ಟ್‌ವಿಂಡೋರೆಕ್ಟ್‌ಎಕ್ಸ್‌ಫಾರ್‌ಡಿಪಿಐ’ ಬಳಸಿ. ಅದೇ ಹೆಸರಿನ ಹಳೆಯ, ‘ಫಾರ್‌ಡಿಪಿಐ’ ಇಲ್ಲದ ಫಂಕ್ಷನ್ನಿಗೆ ಯಾವ ಮಾನಿಟರ್ ಎಂಬ ಅರಿವಿಲ್ಲ.

ಎರಡು ಸಲ ಹಿಗ್ಗುವ ವಿಂಡೋ

ಎಲ್ಲ ಲೆಕ್ಕ ಸರಿಯಾಗಿ ಮಾಡಿದವರೂ ಇಲ್ಲಿ ಬಂದು ಸಿಕ್ಕಿಬೀಳುತ್ತಾರೆ. ಹಾಗಾಗಿ ನಿಧಾನವಾಗಿ ನೋಡೋಣ.

ವಿಂಡೋ ಎಡದ ಮಾನಿಟರಿನಲ್ಲಿ 400×300 ಪಿಕ್ಸೆಲ್ ಇದೆ. ಅದನ್ನು ಲ್ಯಾಪ್‌ಟಾಪಿಗೆ ತರಬೇಕು. ನೀವು ಸರಿಯಾಗಿಯೇ ಲೆಕ್ಕ ಹಾಕಿ 600×450 ಎಂದು ಕಂಡುಕೊಂಡು, ‘ಸೆಟ್‌ವಿಂಡೋಪೋಸ್’ಗೆ ಜಾಗವನ್ನೂ ಗಾತ್ರವನ್ನೂ ಒಟ್ಟಿಗೆ ಕೊಡುತ್ತೀರಿ. ವಿಂಡೋ ಹೊಸ ಮಾನಿಟರಿಗೆ ಬಂದ ಕೂಡಲೇ, ಆ ಕರೆ ಮುಗಿಯುವ ಮುಂಚೆಯೇ, ವಿಂಡೋಸ್ ‘ಡಬ್ಲ್ಯೂಎಂ_ಡಿಪಿಐಚೇಂಜ್ಡ್’ ಸಂದೇಶ ಕಳಿಸುತ್ತದೆ. ಅದರ ದೃಷ್ಟಿಯಲ್ಲಿ 600×450ರ ವಿಂಡೋ ಒಂದು 96 ಡಿಪಿಐಯಿಂದ 144ಕ್ಕೆ ಬಂದಿದೆ. ಆದ್ದರಿಂದ 900×675 ಮಾಡು ಎಂದು ಸಲಹೆ ಕೊಡುತ್ತದೆ. ನಿಮ್ಮ ಹ್ಯಾಂಡ್ಲರ್, ಅಂದರೆ ಆ ಸಂದೇಶ ಬಂದಾಗ ನಡೆಯುವ ಕೋಡ್, ಆ ಸಲಹೆಯನ್ನು ಪಾಲಿಸುತ್ತದೆ. ಪರಿಣಾಮ, ಒಂದೂವರೆ ಪಟ್ಟು ಎರಡು ಸಲ.

ಸಂದೇಶವನ್ನು ಕಡೆಗಣಿಸುವುದು ಪರಿಹಾರವಲ್ಲ, ಬಳಕೆದಾರರು ಕೈಯಿಂದ ಎಳೆದಾಗ ಅದು ಬೇಕೇ ಬೇಕು. ಎರಡು ಕರೆಗಳಾಗಿ ಒಡೆಯಿರಿ. ಮೊದಲ ಕರೆಯಲ್ಲಿ ‘ನೋಸೈಜ್’ ಎಂಬ ಫ್ಲ್ಯಾಗ್ ಹಾಕಿ ಜಾಗ ಮಾತ್ರ ಬದಲಿಸಿ. ವಿಂಡೋದ ಬಹುಭಾಗ ಗುರಿಯ ಮಾನಿಟರಿನೊಳಗೆ ಬೀಳುವಂಥ ಬಿಂದು ಆರಿಸಿ, ಅದರ ಕೆಲಸದ ಜಾಗದ ಎಡ ಮೇಲಿನ ಮೂಲೆ ಸಾಕು. ಸಂದೇಶ ಬಂದು ಹೋಗಲಿ. ಆಮೇಲೆ ‘ಗೆಟ್‌ಡಿಪಿಐಫಾರ್‌ವಿಂಡೋ’ ಕೇಳಿ, 144 ಬಂದಿದೆ ಎಂದು ಖಚಿತಪಡಿಸಿಕೊಂಡು, ಅದರಿಂದಲೇ ಗಾತ್ರ ಮತ್ತು ಕೊನೆಯ ಜಾಗವನ್ನು ಲೆಕ್ಕ ಹಾಕಿ ಎರಡನೆಯ ಕರೆ ಮಾಡಿ. ಈಗ ಮಾನಿಟರ್ ಬದಲಾಗುವುದಿಲ್ಲ, ಸಂದೇಶ ಬರುವುದಿಲ್ಲ, ಕೊಟ್ಟದ್ದು ಕೊಟ್ಟ ಹಾಗೇ ಉಳಿಯುತ್ತದೆ.

ಹೊಸ ವಿಂಡೋ ಸೃಷ್ಟಿಸುವಾಗಲೂ ಇದೇ ಕ್ರಮ ಒಳ್ಳೆಯದು. ಕಾಣದ ಹಾಗೆ ಸೃಷ್ಟಿಸಿ, ಗುರಿಯ ಮಾನಿಟರಿಗೆ ಸರಿಸಿ, ಡಿಪಿಐ ಕೇಳಿ, ಗಾತ್ರ ಕೊಡಿ, ಕೊನೆಗೆ ತೋರಿಸಿ. ಕಣ್ಣೆದುರು ವಿಂಡೋ ಹಾರಿ ಹೋಗುವುದೂ ತಪ್ಪುತ್ತದೆ.

ಕೈಯಿಂದ ಎಳೆದಾಗ

ಇಲ್ಲಿ ಸ್ವಂತ ಬುದ್ಧಿ ಉಪಯೋಗಿಸದಿರುವುದೇ ಜಾಣತನ. ಅದೇ ‘ಡಬ್ಲ್ಯೂಎಂ_ಡಿಪಿಐಚೇಂಜ್ಡ್’ ಸಂದೇಶದ ಡಬ್ಲ್ಯೂಪ್ಯಾರಮ್‌ನಲ್ಲಿ ಹೊಸ ಡಿಪಿಐ ಇರುತ್ತದೆ, ಎಲ್‌ಪ್ಯಾರಮ್‌ನಲ್ಲಿ ವಿಂಡೋಸ್ ಸೂಚಿಸುವ ಆಯತ ಇರುತ್ತದೆ. ಆ ಆಯತವನ್ನು ಹಾಗೆಯೇ ‘ಸೆಟ್‌ವಿಂಡೋಪೋಸ್’ಗೆ ಕೊಡಿ. ನೀವೇ ಬೇರೆ ಆಯತ ಲೆಕ್ಕ ಹಾಕಿದರೆ ವಿಂಡೋದ ಬಹುಭಾಗ ಹಳೆಯ ಮಾನಿಟರಿಗೇ ಮರಳಿ ಬಿದ್ದು, ಅಲ್ಲಿಂದ ಮತ್ತೊಂದು ಸಂದೇಶ ಬಂದು, ಎರಡು ಮಾನಿಟರ್‌ಗಳ ನಡುವೆ ಅದು ಒದ್ದಾಡಲು ಶುರುವಾಗಬಹುದು. ನಿಮ್ಮ ವಿಂಡೋದ ಗಾತ್ರ ಸ್ಕೇಲಿಗೆ ಸರಿಯಾಗಿ ಹಿಗ್ಗುವಂಥದ್ದಲ್ಲದಿದ್ದರೆ, ಉದಾಹರಣೆಗೆ ಅಕ್ಷರಗಳ ಅಗಲಕ್ಕೆ ಹೊಂದಿಕೊಳ್ಳುವಂಥದ್ದಾದರೆ, ಅದಕ್ಕೂ ಮುಂಚೆ ಬರುವ ‘ಡಬ್ಲ್ಯೂಎಂ_ಗೆಟ್‌ಡಿಪಿಐಸ್ಕೇಲ್ಡ್‌ಸೈಜ್’ ಸಂದೇಶದಲ್ಲಿ ಬೇಕಾದ ಗಾತ್ರ ಹೇಳಿಬಿಡಿ. ಸೂಚಿಸುವ ಆಯತ ಅದಕ್ಕೆ ತಕ್ಕಂತೆ ಬರುತ್ತದೆ.

ಅಕ್ಷರವನ್ನೂ ಇದೇ ಹೊತ್ತಿನಲ್ಲಿ ಹೊಸದಾಗಿ ಸೃಷ್ಟಿಸಬೇಕು: ಪಾಯಿಂಟ್ ಗುಣಿಸು ಡಿಪಿಐ, ಭಾಗಿಸು 72, ಮುಂದೆ ಋಣ ಚಿಹ್ನೆ. ಸಾಲಿನ ಎತ್ತರವನ್ನು ಇಂಗ್ಲಿಷಿನ ಅಳತೆಯಲ್ಲಿ ಮೊದಲೇ ನಿಗದಿ ಮಾಡಬೇಡಿ. ವಿಂಡೋಸ್‌ನ ನಿರ್ಮಲಾ ಯುಐ ಫಾಂಟಿನಲ್ಲಿ ಒತ್ತಕ್ಷರ ಸಾಲಿನಿಂದ ಕೆಳಗಿಳಿಯುತ್ತದೆ, ಮಲಯಾಳದ ಕೂಡಕ್ಷರಗಳೂ ಹಾಗೆಯೇ. ಫಾಂಟಿನಿಂದಲೇ ಎತ್ತರ ಕೇಳಿ, ಅದರ ಮೇಲೆ ವಿಂಡೋದ ಎತ್ತರ ನಿರ್ಧರಿಸಿ. ‘ಕರಿಗೋಟು’ ಸರಿ ಕಂಡರೆ ಸಾಲದು, ‘ಬೆಳ್ಳೂರು’ ‘ಕುಂಬ್ಡಾಜೆ’ ಎಂಬ ಊರ ಹೆಸರುಗಳನ್ನೂ ಹಾಕಿ ನೋಡಿ.

ನಾಳೆಗೆ ಉಳಿಸಿಡುವುದು

ನಾಲ್ಕು ಅಂಕಿಗಳನ್ನು ಬರೆದಿಟ್ಟರೆ ಆಯಿತು ಎಂದುಕೊಳ್ಳುವುದು ಸುಲಭ. ನಾಳೆ ಬೆಳಗ್ಗೆ ಆ ಮಾನಿಟರೇ ಇಲ್ಲದಿರಬಹುದು, ಇದ್ದರೂ ಸ್ಕೇಲ್ ಬದಲಾಗಿರಬಹುದು. ನಾನು ಉಳಿಸುವುದು ಇಷ್ಟು: ಮಾನಿಟರಿನ ಗುರುತು, ಅದರ ಆಯತ, ಆಗಿನ ಡಿಪಿಐ, ವಿಂಡೋದ ಗಾತ್ರ ಯುನಿಟ್‌ನಲ್ಲಿ, ಮತ್ತು ಹತ್ತಿರದ ಮೂಲೆಯಿಂದ ಎಷ್ಟು ಯುನಿಟ್ ದೂರ ಎಂಬುದು. ಎಡ ಮೇಲಿನ ಮೂಲೆಯಿಂದಲೇ ಅಳೆದರೆ, ಬಲ ಕೆಳಗೆ ಇದ್ದ ವಿಂಡೋ ಸ್ಕೇಲ್ ಬದಲಾದಾಗ ಮೂಲೆ ಬಿಟ್ಟು ನಡುವೆ ಬಂದು ನಿಲ್ಲುತ್ತದೆ. ಮಾನಿಟರಿನ ಗುರುತಿಗೆ ‘ಡಿಸ್ಪ್ಲೇ1’ ‘ಡಿಸ್ಪ್ಲೇ2’ ಎಂಬ ಹೆಸರುಗಳನ್ನು ನಂಬಬೇಡಿ, ಕೇಬಲ್ ಬದಲಿಸಿದರೆ ಅವೂ ಬದಲಾಗಬಹುದು. ‘ಕ್ವೆರಿಡಿಸ್ಪ್ಲೇಕಾನ್ಫಿಗ್’ ಕೊಡುವ ಸಾಧನದ ದಾರಿ ಹೆಚ್ಚು ನಂಬಿಕೆಯದು.

ವಿಂಡೋ ಮಿನಿಮೈಜ್ ಆಗಿರುವಾಗ ಜಾಗ ಉಳಿಸಬೇಡಿ. ಆಗ ‘ಗೆಟ್‌ವಿಂಡೋರೆಕ್ಟ್’ (−32000, −32000) ಎನ್ನುತ್ತದೆ. ‘ಗೆಟ್‌ವಿಂಡೋಪ್ಲೇಸ್‌ಮೆಂಟ್’ ಬಳಸುವುದಾದರೆ ಅದರ ಅಂಕಿಗಳು ಸಾಮಾನ್ಯವಾಗಿ ಕೆಲಸದ ಜಾಗದ ಲೆಕ್ಕದಲ್ಲಿರುತ್ತವೆ. ಅವನ್ನು ‘ಸೆಟ್‌ವಿಂಡೋಪ್ಲೇಸ್‌ಮೆಂಟ್’ಗೇ ಕೊಡಿ, ‘ಸೆಟ್‌ವಿಂಡೋಪೋಸ್’ಗೆ ಕೊಡಬೇಡಿ. ಟಾಸ್ಕ್‌ಬಾರ್ ಮೇಲೆ ಇಟ್ಟುಕೊಂಡವರಲ್ಲಿ ವಿಂಡೋ ಅಷ್ಟೇ ಪಿಕ್ಸೆಲ್ ಸರಿಯುತ್ತದೆ.

ತೆರೆಯುವಾಗ, ಉಳಿಸಿದ ಮಾನಿಟರ್ ಇಲ್ಲದಿದ್ದರೆ ‘ಡಿಫಾಲ್ಟ್‌ಟುನಲ್’ ಆಯ್ಕೆಯೊಂದಿಗೆ ಆ ಆಯತ ಯಾವುದಾದರೂ ಪರದೆಯ ಮೇಲೆ ಬೀಳುತ್ತದೆಯೇ ಕೇಳಿ. ಬಿದ್ದರೂ ಸಾಲದು, ಶೀರ್ಷಿಕೆ ಪಟ್ಟಿ ಹಿಡಿದು ಎಳೆಯುವಷ್ಟು ಕಾಣಬೇಕು. ಇಲ್ಲದಿದ್ದರೆ ಪ್ರಧಾನ ಮಾನಿಟರಿನ ನಡುವೆ ತಂದಿಡಿ. ಬಳಕೆದಾರರಿಗೆ ಒಂದು ತುರ್ತು ದಾರಿಯನ್ನೂ ಹೇಳಿಕೊಡಿ: ಕಾಣದ ವಿಂಡೋವನ್ನು ಆಲ್ಟ್-ಟ್ಯಾಬ್‌ನಲ್ಲಿ ಆರಿಸಿ, ವಿಂಡೋಸ್ ಕೀ, ಶಿಫ್ಟ್, ಬಾಣದ ಕೀ ಒಟ್ಟಿಗೆ ಒತ್ತಿದರೆ ಅದು ಇನ್ನೊಂದು ಮಾನಿಟರಿಗೆ ಬರುತ್ತದೆ.

ಕರೆಂಟು ಹೋದಾಗ

ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಹೋಗಿ ಬರುವುದು ಹೊಸತಲ್ಲ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಯುತ್ತಿರುತ್ತದೆ, ಹೊರಗಿನ ಮಾನಿಟರ್ ಆರುತ್ತದೆ. ಕೆಲವು ಮಾನಿಟರ್‌ಗಳು ಆರಿದಾಗ ವಿಂಡೋಸ್ ಅವನ್ನು ಕಿತ್ತುಹಾಕಿದ ಹಾಗೆಯೇ ಲೆಕ್ಕಕ್ಕೆ ಹಿಡಿದು ಎಲ್ಲ ವಿಂಡೋಗಳನ್ನು ಲ್ಯಾಪ್‌ಟಾಪಿಗೆ ತರುತ್ತದೆ. ತೂಕದ ವಿಂಡೋ ಬಿಲ್ಲಿನ ಮೇಲೆ ಬರುತ್ತದೆ, ಅಷ್ಟರಲ್ಲಿ ನಿಮ್ಮ ಪ್ರೋಗ್ರಾಮ್ ಆ ಹೊಸ ಜಾಗವನ್ನೇ ಉಳಿಸಿಬಿಟ್ಟರೆ ಕರೆಂಟು ಬಂದ ಮೇಲೂ ಅದು ಮರಳುವುದಿಲ್ಲ. ವಿಂಡೋಸ್ 11ರಲ್ಲಿ ಮಾನಿಟರ್ ಸಂಪರ್ಕಕ್ಕೆ ತಕ್ಕಂತೆ ಜಾಗ ನೆನಪಿಡುವ ಆಯ್ಕೆ ಇದೆ. ಎಲ್ಲ ಅಂಗಡಿಗಳಲ್ಲೂ 11 ಇಲ್ಲ.

ಬಳಕೆದಾರರು ತಾವಾಗಿ ಸರಿಸಿದಾಗ ಮಾತ್ರ ಜಾಗ ಉಳಿಸಿ. ‘ಡಬ್ಲ್ಯೂಎಂ_ಎಕ್ಸಿಟ್‌ಸೈಜ್‌ಮೂವ್’ ಸಂದೇಶ ಅದಕ್ಕೆ ಒಳ್ಳೆಯ ಗುರುತು, ಎಳೆದು ಬಿಟ್ಟ ಮೇಲೆ ಬರುತ್ತದೆ. ‘ಡಬ್ಲ್ಯೂಎಂ_ಡಿಸ್ಪ್ಲೇಚೇಂಜ್’ ಬಂದಾಗ ಒಂದೆರಡು ಸೆಕೆಂಡ್ ತಡೆದು, ಮಾನಿಟರ್‌ಗಳ ಪಟ್ಟಿಯನ್ನು ಹೊಸದಾಗಿ ಓದಿ, ಹಳೆಯ ಮಾನಿಟರ್ ಮರಳಿದ್ದರೆ ವಿಂಡೋವನ್ನು ಅಲ್ಲಿಗೆ ಕಳಿಸಿ. ತಡೆಯದೆ ಕೂಡಲೇ ಓದಿದರೆ ಬದಲಾವಣೆಯ ನಡುವಿನ ಅರೆಬರೆ ಸ್ಥಿತಿ ಸಿಗಬಹುದು.

ಬೇರೆ ಉಪಕರಣ ಬಳಸುವವರಿಗೆ

ವಿಂಡೋಸ್ ಫಾರ್ಮ್ಸ್‌ನಲ್ಲಿ, ಡಾಟ್‌ನೆಟ್ ಕೋರ್ 3.0ರಿಂದ, ‘ಸೆಟ್‌ಹೈಡಿಪಿಐಮೋಡ್’ ಇದೆ. ಫಾರ್ಮಿನ ‘ಸ್ಟಾರ್ಟ್‌ಪೊಸಿಷನ್’ ಅನ್ನು ‘ಮ್ಯಾನುವಲ್’ ಮಾಡದಿದ್ದರೆ ನೀವು ಕೊಟ್ಟ ಜಾಗಕ್ಕೆ ಬೆಲೆಯಿಲ್ಲ. ಡಬ್ಲ್ಯೂಪಿಎಫ್‌ನ ‘ಲೆಫ್ಟ್’ ‘ಟಾಪ್’ ಅಂಕಿಗಳು 1/96 ಇಂಚಿನ ಯುನಿಟ್‌ನವು. ಬೇರೆ ಬೇರೆ ಸ್ಕೇಲಿನ ಮಾನಿಟರ್‌ಗಳಿರುವಾಗ ಅವುಗಳ ಜೊತೆ ಗುದ್ದಾಡುವ ಬದಲು ‘ಸೋರ್ಸ್‌ಇನಿಶಿಯಲೈಜ್ಡ್’ ಹಂತದಲ್ಲಿ ಹ್ಯಾಂಡಲ್ ಪಡೆದು ನೇರವಾಗಿ ‘ಸೆಟ್‌ವಿಂಡೋಪೋಸ್’ ಕರೆಯುವುದನ್ನೇ ನಾನು ಮಾಡುವುದು.

ಕ್ಯೂಟಿ 6ರಲ್ಲಿ ಸ್ಕೇಲಿಂಗ್ ತಾನಾಗಿಯೇ ಚಾಲೂ ಇರುತ್ತದೆ. ಅಲ್ಲಿ ‘ಕ್ಯೂಸ್ಕ್ರೀನ್’ ಕೊಡುವ ‘ಅವೈಲಬಲ್‌ಜಿಯೋಮೆಟ್ರಿ’ಯ ಲೆಕ್ಕದಲ್ಲೇ ಇರಿ, ವಿಂಡೋಸ್ ಫಂಕ್ಷನ್‌ಗಳ ಪಿಕ್ಸೆಲ್ ಅಂಕಿಗಳನ್ನು ಬೆರೆಸಬೇಡಿ. ಎಲೆಕ್ಟ್ರಾನ್‌ನಲ್ಲೂ ಅಷ್ಟೆ, ಅದರ ಅಂಕಿಗಳು ಯುನಿಟ್‌ನವು. ಹೊರಗಿನಿಂದ ಪಿಕ್ಸೆಲ್ ಬಂದರೆ ‘ಸ್ಕ್ರೀನ್‌ಟುಡಿಪ್‌ಪಾಯಿಂಟ್’ ಮೂಲಕ ಬದಲಿಸಿ. ಪೈಥಾನಿನ ಟಿಕಿಂಟರ್ ಬಳಸುವವರು ಮೊದಲ ವಿಂಡೋಗೂ ಮುಂಚೆ ಸಿಟೈಪ್ಸ್ ಮೂಲಕ ಸ್ಕೇಲಿಂಗ್ ಘೋಷಿಸಬೇಕು. ಎಡದ ಮಾನಿಟರಿಗೆ ‘+-416+404’ ಎಂದು ಬರೆಯಬೇಕು. ‘-416+404’ ಎಂದರೆ ಬಲ ಅಂಚಿನಿಂದ 416 ಎಂದು ಅದು ಅರ್ಥ ಮಾಡಿಕೊಳ್ಳುತ್ತದೆ.

ಮ್ಯಾಕ್‌ನಲ್ಲಿ ಎಲ್ಲವೂ ಪಾಯಿಂಟ್ ಲೆಕ್ಕ, ಮತ್ತು ಸೊನ್ನೆ ಇರುವುದು ಕೆಳಗಿನ ಎಡ ಮೂಲೆಯಲ್ಲಿ. ಲಿನಕ್ಸಿನ ವೇಲ್ಯಾಂಡ್‌ನಲ್ಲಿ ಸಾಮಾನ್ಯ ಪ್ರೋಗ್ರಾಮ್ ತನ್ನ ಮುಖ್ಯ ವಿಂಡೋ ಎಲ್ಲಿರಬೇಕೆಂದು ಹೇಳುವಂತೆಯೇ ಇಲ್ಲ. ಅಲ್ಲಿ ಎಡದ ಮಾನಿಟರಿಗೆ ಪೂರ್ಣ ಪರದೆಯ ವಿಂಡೋ ಕೇಳಿ, ಒಳಗಿನ ವಿನ್ಯಾಸ ನೀವು ಮಾಡಿಕೊಳ್ಳಿ.

ಅಂಗಡಿಗೆ ಕೊಡುವ ಮುಂಚೆ

ಒಂದೇ ಮಾನಿಟರಿನಲ್ಲಿ ಪರೀಕ್ಷಿಸಿದ್ದು ಪರೀಕ್ಷೆಯಲ್ಲ. ಎರಡನೆಯದನ್ನು ಎಡಕ್ಕೆ ಇಟ್ಟು ನೋಡಿ, ಆಮೇಲೆ ಮೇಲೆ ಇಟ್ಟು ನೋಡಿ, ಆಗ ವೈ ಅಂಕಿಯೂ ಋಣವಾಗುತ್ತದೆ. ಪ್ರೋಗ್ರಾಮ್ ತೆರೆದಿರುವಾಗಲೇ ಸೆಟ್ಟಿಂಗ್ಸಿನಲ್ಲಿ ಸ್ಕೇಲನ್ನು 100ರಿಂದ 125ಕ್ಕೆ, ಅಲ್ಲಿಂದ 175ಕ್ಕೆ ಬದಲಿಸಿ. 125 ಮತ್ತು 175ರಲ್ಲೇ ದಶಾಂಶದ ತಪ್ಪುಗಳು ಹೊರಬೀಳುವುದು, 200ರಲ್ಲಿ ಅವು ಅಡಗಿರುತ್ತವೆ. ಪ್ರಧಾನ ಮಾನಿಟರ್ ಯಾವುದೆಂದು ಅದಲುಬದಲು ಮಾಡಿ. ವಿಂಡೋವನ್ನು ಎರಡು ಪರದೆಗಳ ಗಡಿಯ ಮೇಲೆ ನಿಲ್ಲಿಸಿ ಮುಚ್ಚಿ, ಮತ್ತೆ ತೆರೆಯಿರಿ. ಕೇಬಲ್ ಎಳೆದು ತೆಗೆದು ತೆರೆಯಿರಿ, ಹಾಕಿ ತೆರೆಯಿರಿ. ಕೊನೆಯದಾಗಿ, ಹೊರಗಿನ ಮಾನಿಟರಿನ ಪ್ಲಗ್ಗನ್ನು ಗೋಡೆಯಿಂದ ಕಿತ್ತು, ಒಂದು ನಿಮಿಷ ಬಿಟ್ಟು ಮತ್ತೆ ಹಾಕಿ. ತೂಕದ ವಿಂಡೋ ಯಾರೂ ಮೌಸ್ ಮುಟ್ಟದೆ (−416, 404)ಕ್ಕೆ ಮರಳಿ, 400×300 ಗಾತ್ರದಲ್ಲೇ ನಿಂತರೆ ಅಂಗಡಿಗೆ ಕೊಡಬಹುದು.